ಚಕ್ರ ತಿರುಗಿಸುವ ವಿದ್ಯುತ್ತು ಯಾರ ಕಣಿವೆಯಿಂದ?

ಪೆಟ್ರೋಲ್ ಕಾರು ಹೋಗಿ ವಿದ್ಯುತ್ ಕಾರು ಬಂದರೆ ಪರಿಸರ ಉಳಿಯುತ್ತದೆ ಎಂಬ ಮಾತು ಸರ್ಕಾರದ ಜಾಹೀರಾತಿನಲ್ಲೂ ಶಾಲಾ ಮಕ್ಕಳ ಪ್ರಬಂಧದಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತಿದೆ. ಇನ್ನೊಂದೆಡೆ ನಮ್ಮ ಚಳವಳಿಯ ಗೆಳೆಯರಲ್ಲೇ ಕೆಲವರು, ಇದು ಕಾರು ಕಂಪನಿಗಳ ಹೊಸ ವ್ಯಾಪಾರ, ನಗರದ ಹೊಗೆಯನ್ನು ಹಳ್ಳಿಗೆ ಸಾಗಹಾಕುವ ಉಪಾಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಅರ್ಧ ಸತ್ಯವನ್ನು ಹಿಡಿದು ಹೊರಟವರು ತಲುಪುವುದು ಅರ್ಧ ದಾರಿಗೆ ಮಾತ್ರ.

ಮಲೆನಾಡಿಗರಾದ ನಮಗೆ ಈ ಚರ್ಚೆ ದೂರದ್ದಲ್ಲ. ರಾಜ್ಯದ ದೀಪ ಉರಿಯಲೆಂದು ಮುಳುಗಿದ್ದು ನಮ್ಮ ಕಣಿವೆಗಳು. ನಾಳೆ ರಾಜ್ಯದ ಕಾರುಗಳು ಓಡಲೆಂದು ಕೇಳಲಿರುವುದೂ ನಮ್ಮ ಕಣಿವೆಗಳನ್ನೇ. ಆದ್ದರಿಂದ ವಿದ್ಯುತ್ ವಾಹನ ಬೇಕೇ ಬೇಡವೇ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಬೇರೆ ಇವೆ: ಯಾವ ವಾಹನ ಮೊದಲು, ಯಾವ ಹೊತ್ತಿನ ವಿದ್ಯುತ್ತು, ಯಾರ ನೆಲದಿಂದ? ಬದಲಾವಣೆ ಅಗತ್ಯವೆಂದೇ ನನ್ನ ನಿಲುವು. ಆದರೆ ಈಗ ಅದು ಬರುತ್ತಿರುವ ರೀತಿಯನ್ನು ನಾವು ಕಣ್ಣುಮುಚ್ಚಿ ಸ್ವಾಗತಿಸುವಂತಿಲ್ಲ.

ಘಟ್ಟ ಹತ್ತುವ ಲೆಕ್ಕ

ಮೊದಲು ಒಂದು ಅಪನಂಬಿಕೆಯನ್ನು ಬದಿಗಿಡೋಣ. ವಿದ್ಯುತ್ ಕಾರು ಘಟ್ಟ ಹತ್ತಲಾರದು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕಾರಿನ ಕಾಲಕ್ಕೆ ಅದು ನಿಜವಿದ್ದೀತು. ಅದರೊಳಗೆ ಇದ್ದದ್ದು ಭಾರವಾದ ಸೀಸದ ಬ್ಯಾಟರಿ. ಈಗಿನ ವಾಹನಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯ ಹಿಂದಿನ ಸಂಶೋಧನೆಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಒಂದೂವರೆ ಟನ್ ತೂಕದ ಕಾರು ಆಗುಂಬೆಯಂಥ ಘಟ್ಟದಲ್ಲಿ ಸುಮಾರು 600 ಮೀಟರ್ ಎತ್ತರಕ್ಕೆ ಏರಿತೆನ್ನೋಣ. ತೂಕ, ಗುರುತ್ವ, ಎತ್ತರ ಇವುಗಳನ್ನು ಗುಣಿಸಿದರೆ ಬೇಕಾಗುವ ಶಕ್ತಿ ಸುಮಾರು 2.5 ಯೂನಿಟ್. ಮೋಟಾರಿನ ನಷ್ಟ ಸೇರಿಸಿದರೆ 3 ಯೂನಿಟ್. 30 ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಇದು ಹತ್ತನೇ ಒಂದು ಭಾಗ. ಅದೇ ಕಾರು ಘಟ್ಟ ಇಳಿಯುವಾಗ ಮೋಟಾರು ಜನರೇಟರಿನಂತೆ ಕೆಲಸ ಮಾಡಿ ಒಂದೂವರೆ ಯೂನಿಟ್‌ನಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಪೆಟ್ರೋಲ್ ಕಾರು ಇಳಿಜಾರಿನಲ್ಲಿ ಮಾಡುವುದು ಬ್ರೇಕು ಬಿಸಿಮಾಡುವ ಕೆಲಸ ಮಾತ್ರ. ಹತ್ತುವಾಗ ಸುಟ್ಟ ಪೆಟ್ರೋಲು ಇಳಿಯುವಾಗ ಟ್ಯಾಂಕಿಗೆ ಮರಳುವುದಿಲ್ಲ. ಬೆಟ್ಟದ ಸೀಮೆಗೆ ವಿದ್ಯುತ್ ಮೋಟಾರು ಹೆಚ್ಚು ಒಗ್ಗುತ್ತದೆ ಎನ್ನಲು ಇಷ್ಟು ಸಾಕು.

ಒಂದು ಎಚ್ಚರ ಮಾತ್ರ ಬೇಕು. ಘಟ್ಟದ ಮೇಲಿನ ಊರಿನಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟರೆ ಇಳಿಯುವಾಗ ಉತ್ಪತ್ತಿಯಾಗುವ ವಿದ್ಯುತ್ತಿಗೆ ಒಳಗೆ ಜಾಗವಿರುವುದಿಲ್ಲ. ಆಗ ಇಡೀ ಭಾರ ಸಾಮಾನ್ಯ ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟ ಇಳಿಯುವವರು ಬ್ಯಾಟರಿಯಲ್ಲಿ ತುಸು ಜಾಗ ಬಿಟ್ಟು ಹೊರಡುವುದು ಜಾಣತನ. ಬಸ್ಸುಗಳ ವಿಷಯದಲ್ಲೂ ಅನುಮಾನಕ್ಕೆ ಎಡೆಯಿಲ್ಲ. ರಾಜ್ಯ ರಸ್ತೆ ಸಾರಿಗೆ ನಿಗಮದ ವಿದ್ಯುತ್ ಬಸ್ಸುಗಳು 2023ರಿಂದ ಬೆಂಗಳೂರು ಮೈಸೂರು ನಡುವೆ ಮಾತ್ರವಲ್ಲದೆ ಮಡಿಕೇರಿ, ವಿರಾಜಪೇಟೆ, ಚಿಕ್ಕಮಗಳೂರು, ಶಿವಮೊಗ್ಗಗಳಿಗೂ ಓಡಿವೆ.

ಮಳೆಗಾಲ, ಟಿ.ಸಿ. ಮತ್ತು ಅರ್ಥಿಂಗ್

ಹಾಗಾದರೆ ತೊಡಕು ಎಲ್ಲಿದೆ? ತೊಡಕು ರಸ್ತೆಯಲ್ಲಿಲ್ಲ, ಮನೆಯ ಗೋಡೆಯಲ್ಲಿ, ಊರಿನ ಕಂಬದಲ್ಲಿ ಇದೆ.

ವರ್ಷಕ್ಕೆ ಮೂರು ನಾಲ್ಕು ಸಾವಿರ ಮಿಲಿಮೀಟರ್, ಆಗುಂಬೆಯಂಥಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಳೆ ಸುರಿಯುವ ನಾಡು ನಮ್ಮದು. ಜೂನ್ ತಿಂಗಳಲ್ಲಿ ಒಂದು ಗಾಳಿ ಬೀಸಿತೆಂದರೆ ಕಾಡಿನ ನಡುವೆ ಹಾದುಬರುವ ತಂತಿಯ ಮೇಲೆ ಮರ ಬೀಳುತ್ತದೆ. ಲೈನ್‌ಮನ್ ಒಬ್ಬರೇ, ಹಳ್ಳಿಗಳು ಹತ್ತಾರು. ಕರೆಂಟು ಹೋದರೆ ಮರುದಿನ ಬಂದೀತೆಂಬ ಭರವಸೆಯೂ ಇರುವುದಿಲ್ಲ. ಇಂಥಲ್ಲಿ ರೋಗಿಯನ್ನು ರಾತ್ರಿ ಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಾದವನು ಪೂರ್ತಿ ವಿದ್ಯುತ್ತನ್ನೇ ನಂಬಿದ ಕಾರನ್ನು ಕೊಳ್ಳಲು ಹಿಂಜರಿದರೆ ಅದನ್ನು ಅಜ್ಞಾನ ಎನ್ನುವಂತಿಲ್ಲ. ಪೆಟ್ರೋಲ್ ಬಂಕು ಮೂವತ್ತು ಕಿಲೋಮೀಟರ್ ದೂರವಿದ್ದರೂ ಊರಿನ ಅಂಗಡಿಯಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ಸಿಗುತ್ತದೆ. ಬಾಟಲಿಯಲ್ಲಿ ಕರೆಂಟು ಸಿಗುವುದಿಲ್ಲ.

ಕರೆಂಟು ಇರುವಾಗಿನ ಸ್ಥಿತಿಯನ್ನೂ ನೋಡಬೇಕು. ಮನೆಯಲ್ಲಿ ಕಾರಿಗೆ ಹಾಕುವ ಸಣ್ಣ ಚಾರ್ಜರ್ 3.3 ಕಿಲೋವ್ಯಾಟ್ ಎಳೆಯುತ್ತದೆ. ನಮ್ಮ ಅನೇಕ ಮನೆಗಳ ಮಂಜೂರಾದ ಒಟ್ಟು ಲೋಡೇ ಒಂದರಿಂದ ಮೂರು ಕಿಲೋವ್ಯಾಟ್. ಹಳ್ಳಿಯ ಟಿ.ಸಿ. 25 ಕೆ.ವಿ.ಎ. ಸಾಮರ್ಥ್ಯದ್ದಾದರೆ ಏಳು ಕಾರುಗಳು ಏಕಕಾಲಕ್ಕೆ ಚಾರ್ಜ್‌ಗೆ ನಿಂತಾಗ ಅದರ ಶಕ್ತಿ ಮುಗಿಯಿತು. ಮನೆಯ ದೀಪ, ಮಿಕ್ಸಿ, ಪಂಪ್‌ಸೆಟ್ ಯಾವುದಕ್ಕೂ ಉಳಿಯುವುದಿಲ್ಲ. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿದರೆ ಅನೇಕ ಚಾರ್ಜರುಗಳು ಕೆಲಸವನ್ನೇ ನಿಲ್ಲಿಸುತ್ತವೆ.

ಇನ್ನು ಅರ್ಥಿಂಗ್. ವಿದ್ಯುತ್ ವಾಹನದ ಚಾರ್ಜರಿಗೆ ಒಳ್ಳೆಯ ಅರ್ಥಿಂಗ್ ಕಡ್ಡಾಯ. ಮಣ್ಣಿನ ಗುಣವನ್ನು ಬಲ್ಲವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಜಂಬಿಟ್ಟಿಗೆಯ ನೆಲದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಮೇಲ್ಪದರ ಒಣಗಿ ವಿದ್ಯುತ್ತನ್ನು ಭೂಮಿಗೆ ಇಳಿಸಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಬೇಸಿಗೆಯಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಗುಂಡಿಯನ್ನು ಆಳವಾಗಿ ತೋಡಬೇಕು, ಬೇಸಿಗೆಯಲ್ಲಿ ನೀರುಣಿಸುತ್ತಿರಬೇಕು, ಬಲ್ಲವರಿಂದ ಅಳತೆ ಮಾಡಿಸಬೇಕು. ಹಳೆಯ ತಂತಿಯ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿಗೆ ಕಾರನ್ನು ಸಿಕ್ಕಿಸುವುದು ಅಪಾಯಕ್ಕೆ ಆಹ್ವಾನ.

ಹಣದ ಲೆಕ್ಕದಲ್ಲೂ ಒಂದು ಗಂಟಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಓಡುವ ಸಣ್ಣ ಕಾರು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ 140 ಯೂನಿಟ್ಟಿಗೂ ಹೆಚ್ಚು ಬೇಕು. ಈಗ 80 ಯೂನಿಟ್ ಬಳಸುವ ಮನೆ ಒಂದೇ ಏಟಿಗೆ ಮಿತಿಯಾಚೆ ಹೋಗುತ್ತದೆ. ಪೆಟ್ರೋಲಿಗಿಂತ ಆಗಲೂ ಅಗ್ಗವೇ. ಆದರೆ ಮಾರುವವರು ಹೇಳುವಷ್ಟು ಅಗ್ಗವಲ್ಲ. ಹಳ್ಳಿಯ ಜನ ಕೊಳ್ಳುವುದು ಬಹುಮಟ್ಟಿಗೆ ಸೆಕೆಂಡ್ ಹ್ಯಾಂಡ್ ವಾಹನಗಳನ್ನು ಎಂಬುದನ್ನೂ ಮರೆಯಬಾರದು. ವಿದ್ಯುತ್ ಕಾರಿನ ಬೆಲೆಯಲ್ಲಿ ಮೂರನೇ ಒಂದು ಭಾಗದಷ್ಟು ಬ್ಯಾಟರಿಯದ್ದೇ. ಎಂಟು ವರ್ಷ ಓಡಿದ ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಎಂದು ಎಂಜಿನ್ನಿನ ಸದ್ದು ಕೇಳಿ ಹೇಳುವ ನಮ್ಮೂರಿನ ಮೆಕ್ಯಾನಿಕ್ ಹೇಳಲಾರ. ಅದನ್ನು ಅಳೆದು ಬರೆದುಕೊಡುವ ವ್ಯವಸ್ಥೆ ತಾಲ್ಲೂಕು ಕೇಂದ್ರಗಳಿಗೆ ಬರುವ ತನಕ ಬಡವನಿಗೆ ಹಳೆಯ ವಿದ್ಯುತ್ ಕಾರು ಜೂಜೇ ಸರಿ.

ಹೊಗೆ ಎಲ್ಲಿ ಹೋಯಿತು?

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ವಿದ್ಯುತ್ ಕಾರಿನಿಂದ ಇಂಗಾಲದ ಹೊರೆ ನಿಜಕ್ಕೂ ಇಳಿಯುವುದೇ?

ಒಂದು ಲೀಟರ್ ಪೆಟ್ರೋಲ್ ಉರಿದಾಗ 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 18 ಕಿಲೋಮೀಟರ್ ಓಡುವ ಕಾರು 100 ಕಿಲೋಮೀಟರಿಗೆ 13 ಕಿಲೋಗ್ರಾಂ ಉಗುಳುತ್ತದೆ. ಕಚ್ಚಾತೈಲವನ್ನು ತೆಗೆದು, ಸಂಸ್ಕರಿಸಿ, ಸಾಗಿಸುವಾಗಿನ ಹೊಗೆಯನ್ನು ಸೇರಿಸಿದರೆ ಸುಮಾರು 15 ಕಿಲೋಗ್ರಾಂ. ವಿದ್ಯುತ್ ಕಾರು ಅದೇ ದೂರಕ್ಕೆ 14 ಯೂನಿಟ್ ಬಳಸುತ್ತದೆ. ತಂತಿಯಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಉತ್ಪಾದನೆಯಾಗಬೇಕಾದದ್ದು ಹದಿನಾರೂವರೆ ಯೂನಿಟ್. ನಮ್ಮ ದೇಶದ ಜಾಲದಲ್ಲಿ ಒಂದು ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈ ಆಕ್ಸೈಡ್ ಇದೆ, ಏಕೆಂದರೆ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಅಲ್ಲಿಗೆ ಸುಮಾರು 12 ಕಿಲೋಗ್ರಾಂ ಆಯಿತು. ಉಳಿತಾಯ 3 ಕಿಲೋಗ್ರಾಂ.

ಬ್ಯಾಟರಿಯನ್ನು ತಯಾರಿಸುವಾಗಲೂ ಹೊಗೆ ಹೊರಡುತ್ತದೆ. ಎಲ್ಲಿ, ಯಾವ ಶಕ್ತಿಯಿಂದ ತಯಾರಿಸಿದರು ಎಂಬುದರ ಮೇಲೆ ಪ್ರಮಾಣ ಬದಲಾದರೂ ಸಣ್ಣ ಕಾರಿನ ಬ್ಯಾಟರಿಗೆ ಸುಮಾರು ಎರಡು ಟನ್ ಎಂದು ಹಿಡಿಯಬಹುದು. ನೂರು ಕಿಲೋಮೀಟರಿಗೆ 3 ಕಿಲೋಗ್ರಾಂ ಉಳಿಸುತ್ತ ಹೋದರೆ ಆ ಸಾಲ ತೀರಲು 65 ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಬೇಕು. ಅದೇ ಕಾರನ್ನು ಹಗಲು ಹೊತ್ತಿನ ಸೌರವಿದ್ಯುತ್ತಿನಿಂದ ಚಾರ್ಜ್ ಮಾಡಿದರೆ ಉಳಿತಾಯ 14 ಕಿಲೋಗ್ರಾಂ ಆಗುತ್ತದೆ. ಸಾಲ 15 ಸಾವಿರ ಕಿಲೋಮೀಟರಿಗಿಂತ ಮೊದಲೇ ತೀರುತ್ತದೆ. ಕಾರು ಒಂದೇ, ರಸ್ತೆ ಒಂದೇ. ಪ್ಲಗ್ ಹಾಕಿದ ಹೊತ್ತು ಬೇರೆ, ಫಲ ಬೇರೆ. ಇಡೀ ಚರ್ಚೆಯ ಗುಟ್ಟು ಇಲ್ಲಿದೆ.

ಆರು ಲಕ್ಷ ಕಾರುಗಳು, ಒಂದು ಕಣಿವೆ

ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅಲ್ಲಿ ವಿದ್ಯುತ್ತು ಹುಟ್ಟುವುದು ಹಗಲು. ನಗರದ ಕಾರಿನವನು ಕಚೇರಿಯಿಂದ ಮನೆಗೆ ಬಂದು ಪ್ಲಗ್ ಹಾಕುವುದು ಸಂಜೆ ಏಳಕ್ಕೆ. ಆ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಮನೆಮನೆಯ ದೀಪ, ಗೀಸರ್, ಟಿ.ವಿ.ಗಳ ಬೇಡಿಕೆ ಏರಿರುತ್ತದೆ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕೆಂಬ ಮಾತು ಬರುವುದು ಇಲ್ಲಿಂದ. ಕೂಡಿಡಲು ತೋರಿಸುತ್ತಿರುವ ಜಾಗ ನಮ್ಮ ಶರಾವತಿ ಕಣಿವೆ.

ಪ್ರಸ್ತಾವಿತ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾಮರ್ಥ್ಯ 2,000 ಮೆಗಾವ್ಯಾಟ್. ಹಗಲು ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಪಂಪ್ ಮಾಡುವುದು, ಸಂಜೆ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಇದರ ಕ್ರಮ. ಇದು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಮೇಲೆತ್ತಲು ನೂರು ಯೂನಿಟ್ ವ್ಯಯಿಸಿದರೆ ಮರಳಿ ಸಿಗುವುದು ಎಪ್ಪತ್ತೈದರಿಂದ ಎಂಬತ್ತು. ಯೋಜನೆಯ ಜಾಗ ಇರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಐವತ್ತು ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿ ಇದಕ್ಕೆ ಬೇಕೆಂಬ ಬೇಡಿಕೆಯಿದೆ. ಮರದಿಂದ ಮರಕ್ಕೆ ಹಾದು ಬದುಕುವ ಸಿಂಗಳೀಕಕ್ಕೆ ಕಾಡಿನ ಛಾವಣಿ ತುಂಡಾಗುವುದೆಂದರೆ ಊರಿನ ರಸ್ತೆ ಕಡಿದಂತೆ. 2025ರಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಶಿವಮೊಗ್ಗ ಮತ್ತು ಉತ್ತರ ಕನ್ನಡದ ಜನ ತಮ್ಮ ವಿರೋಧವನ್ನು ದಾಖಲಿಸಿದ್ದಾರೆ.

ಈಗ ಒಂದು ಗುಣಾಕಾರ. ಆರು ಲಕ್ಷ ಕಾರುಗಳು ಸಂಜೆ ಒಂದೇ ಹೊತ್ತಿಗೆ 3.3 ಕಿಲೋವ್ಯಾಟ್‌ನಂತೆ ಎಳೆದರೆ ಬೇಡಿಕೆ 1,980 ಮೆಗಾವ್ಯಾಟ್. ಹೆಚ್ಚುಕಡಿಮೆ ಇಡೀ ಶರಾವತಿ ಯೋಜನೆಯಷ್ಟು! ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅದರಲ್ಲಿ ಕಾರುಗಳೇ 20 ಲಕ್ಷಕ್ಕೂ ಹೆಚ್ಚು. ಎಲ್ಲ ಕಾರುಗಳೂ ಒಂದೇ ಕ್ಷಣಕ್ಕೆ ಚಾರ್ಜ್ ಆಗುವುದಿಲ್ಲ, ನಿಜ. ಆದರೂ ಇಂದಿರುವ ಪ್ರತಿ ಪೆಟ್ರೋಲ್ ಕಾರಿನ ಜಾಗದಲ್ಲಿ ಒಂದೊಂದು ವಿದ್ಯುತ್ ಕಾರನ್ನು ನಿಲ್ಲಿಸಿ, ಎಲ್ಲವನ್ನೂ ಸಂಜೆಯ ಪ್ಲಗ್ಗಿಗೆ ಬಿಟ್ಟರೆ ಒಂದು ಶರಾವತಿ ಸಾಲದು. ಅಘನಾಶಿನಿ, ಬೇಡ್ತಿ, ವಾರಾಹಿ ಎಂದು ಕೈಚಾಚುತ್ತಲೇ ಇರಬೇಕಾಗುತ್ತದೆ.

ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿದ್ದು 1964ರಲ್ಲಿ. ಆ ಹಿನ್ನೀರಿನಾಚೆ ಉಳಿದ ತುಮರಿ ಭಾಗದ ಜನರಿಗೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಮುಳುಗಡೆಯಾದ ಅನೇಕ ಕುಟುಂಬಗಳಿಗೆ ಭೂಮಿಯ ಹಕ್ಕು ಇನ್ನೂ ದೊರೆತಿಲ್ಲ. ಬೆಳಕು ಕೊಟ್ಟ ಕಣಿವೆ ಅರುವತ್ತು ವರ್ಷ ಲಾಂಚಿಗಾಗಿ ಕಾದು ನಿಂತಿತು. ಈ ಇತಿಹಾಸವನ್ನು ತಿಳಿದವರು ‘ಹಸಿರು ಇಂಧನ’ ಎಂಬ ಪದ ಕೇಳಿದೊಡನೆ ಚಪ್ಪಾಳೆ ತಟ್ಟದಿದ್ದರೆ ಅದನ್ನು ಅಭಿವೃದ್ಧಿ ವಿರೋಧ ಎಂದು ಜರೆಯುವುದು ಅನ್ಯಾಯ.

ಬ್ಯಾಟರಿಯ ಮಣ್ಣು

ಇದೇ ನ್ಯಾಯವನ್ನು ನಾವು ಪರರಿಗೂ ಅನ್ವಯಿಸಬೇಕು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಭದ್ರೆಯ ನೀರು ಕೆಂಪಾಗಿ ಹರಿದುದನ್ನು ಕಂಡವರು ನಾವು. ಜಗತ್ತಿನ ಕೋಬಾಲ್ಟ್ ಅದಿರಿನ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಬರುವುದು ಆಫ್ರಿಕಾದ ಕಾಂಗೋ ದೇಶದಿಂದ. ಅಲ್ಲಿ ಮಕ್ಕಳೂ ಗಣಿಯಲ್ಲಿ ದುಡಿಯುತ್ತಾರೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಲಿಥಿಯಂಗಾಗಿ ಭೂಗರ್ಭದ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆರಿಸುತ್ತಾರೆ. ಅಲ್ಲಿನ ಮೂಲನಿವಾಸಿಗಳ ದೂರು ತಮ್ಮ ನೀರು ಬತ್ತುತ್ತಿದೆ ಎಂಬುದು. ನಮ್ಮ ರಾಜ್ಯದಲ್ಲೂ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಅಲ್ಲಾಪಟ್ಟಣ ಭಾಗದಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಲಾಗಿದೆ. ಪ್ರಮಾಣ ಸಣ್ಣದೇ. ಆದರೆ ಕಾವೇರಿ ಬಯಲಿನ ರೈತರು ಈಗಲೇ ಎಚ್ಚರಗೊಳ್ಳುವುದು ಒಳ್ಳೆಯದು.

ಹಾಗೆಂದು ಪೆಟ್ರೋಲನ್ನೇ ಸುಡುತ್ತಿರೋಣ ಎನ್ನುವುದು ಉತ್ತರವಲ್ಲ. ಪೆಟ್ರೋಲು ಒಮ್ಮೆ ಉರಿದರೆ ಮುಗಿಯಿತು. ಬ್ಯಾಟರಿಯ ಲೋಹಗಳನ್ನು ಮರಳಿ ತೆಗೆದು ಮತ್ತೆ ಬಳಸಬಹುದು. ಕೋಬಾಲ್ಟೂ ನಿಕ್ಕಲೂ ಬೇಡದ ಕಬ್ಬಿಣ ಫಾಸ್ಫೇಟ್ ಮಾದರಿಯ ಬ್ಯಾಟರಿಗಳು ನಮ್ಮ ದೇಶದ ಅನೇಕ ವಾಹನಗಳಲ್ಲಿ ಈಗಾಗಲೇ ಇವೆ. ಬೆಂಕಿಯ ಅಪಾಯವೂ ಅವುಗಳಲ್ಲಿ ಕಡಿಮೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆ ತಯಾರಕರದ್ದು. ನಿಯಮ ಕಾಗದದಲ್ಲಿದೆ. ನಮ್ಮ ತಾಲ್ಲೂಕಿನ ಗುಜರಿ ಅಂಗಡಿಯಲ್ಲಿ ಇನ್ನೂ ಸುತ್ತಿಗೆಯೇ ಇದೆ. ಸೀಸದ ಬ್ಯಾಟರಿಯನ್ನು ಒಡೆದಂತೆ ಲಿಥಿಯಂ ಬ್ಯಾಟರಿಯನ್ನು ಒಡೆದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹಳ್ಳಕ್ಕೆ ಎಸೆದರೆ ಅದರ ವಿಷ ತೋಟದ ನೀರಿಗೆ ಸೇರುತ್ತದೆ.

ಕಬ್ಬೋ ಬಿಸಿಲೋ

ಪೆಟ್ರೋಲಿಗೆ ಎಥೆನಾಲ್ ಬೆರೆಸಿದರೆ ಸಾಕು, ರೈತನಿಗೂ ಲಾಭ ಎಂಬ ವಾದ ಬಲವಾಗಿದೆ. 2025ರಲ್ಲಿ ನಮ್ಮ ದೇಶ ನೂರಕ್ಕೆ ಇಪ್ಪತ್ತರ ಮಿಶ್ರಣವನ್ನು ತಲುಪಿತು. ಕೃಷಿವಿಜ್ಞಾನದ ವಿದ್ಯಾರ್ಥಿಯಾಗಿ ಈ ಲೆಕ್ಕವನ್ನು ಓದುಗರ ಮುಂದಿಡುವುದು ನನ್ನ ಕರ್ತವ್ಯ.

ಒಂದು ಎಕರೆ ಕಬ್ಬು 40 ಟನ್ ಇಳುವರಿ ಕೊಟ್ಟು, ಟನ್ನಿಗೆ 70 ಲೀಟರ್ ಎಥೆನಾಲ್ ಬಂದರೆ ಒಟ್ಟು 2,800 ಲೀಟರ್. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಲೀಟರಿಗೆ 12 ಕಿಲೋಮೀಟರ್ ಎಂದರೂ ಕಾರು ಓಡುವುದು ಸುಮಾರು 34 ಸಾವಿರ ಕಿಲೋಮೀಟರ್. ಪಾವಗಡದ ಮಾದರಿಯಲ್ಲಿ ಅದೇ ಒಂದು ಎಕರೆಯಲ್ಲಿ ಸೌರಫಲಕ ಹರಡಿದರೆ ವರ್ಷಕ್ಕೆ ಎರಡು ಲಕ್ಷ ಐವತ್ತು ಸಾವಿರ ಯೂನಿಟ್ ಸಿಗುವುದು ಕಷ್ಟವಲ್ಲ. ಅದರಿಂದ ವಿದ್ಯುತ್ ಕಾರು ಹದಿನೇಳು ಲಕ್ಷ ಕಿಲೋಮೀಟರ್ ಓಡೀತು. ಐವತ್ತು ಪಟ್ಟು! ಕಬ್ಬಿಗೆ ಬೇಕಾದ ನೀರು, ಗೊಬ್ಬರಗಳನ್ನು ಇಲ್ಲಿ ಎಣಿಸಿಯೇ ಇಲ್ಲ. ಉಣ್ಣುವ ಬೆಳೆಯ ನೆಲವನ್ನೂ ನೀರನ್ನೂ ಕಾರಿನ ಹೊಟ್ಟೆಗೆ ಕೊಡುವುದು ಯಾವ ದೃಷ್ಟಿಯಿಂದಲೂ ಜಾಣತನವಲ್ಲ.

ಸೌರಫಲಕಕ್ಕೂ ನೆಲ ಬೇಕು, ಒಪ್ಪೋಣ. ಆದ್ದರಿಂದಲೇ ಛಾವಣಿ ಮೊದಲು ಎನ್ನಬೇಕು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಘಟಕಕ್ಕೆ 78 ಸಾವಿರ ರೂಪಾಯಿಯ ತನಕ ಸಹಾಯಧನವಿದೆ. ಅಂಥ ಘಟಕ ಒಳ್ಳೆಯ ಬಿಸಿಲಿನ ದಿನ 12 ಯೂನಿಟ್ ಕೊಟ್ಟೀತು. ಮಲೆನಾಡಿನ ಆಷಾಢದಲ್ಲಿ ಅರ್ಧವೂ ಸಿಗದು. ನಮ್ಮ ಹಳ್ಳಿಗೆ ಬರಿಯ ಬಿಸಿಲನ್ನು ನಂಬಿ ಬದುಕಲಾಗದು. ಹನ್ನೆರಡು ತಿಂಗಳಲ್ಲಿ ಎಂಟು ತಿಂಗಳನ್ನು ಅದು ನೋಡಿಕೊಂಡರೂ ದೊಡ್ಡದೇ.

ಬೈಕು ಮೊದಲು, ಬಸ್ಸು ಅದಕ್ಕೂ ಮೊದಲು

ಕಾರಿನ ಬಗ್ಗೆ ಇಷ್ಟೆಲ್ಲ ಮಾತನಾಡುವಾಗ ಒಂದು ಸಂಗತಿ ಮರೆಯಾಗುತ್ತದೆ. 2014ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ನೂರಕ್ಕೆ ಅರುವತ್ತೊಂದು ಪಾಲು ಕುಡಿಯುವುದು ದ್ವಿಚಕ್ರ ವಾಹನಗಳು. ವಿದ್ಯುತ್ ಸ್ಕೂಟರು ಒಂದು ಯೂನಿಟ್ಟಿಗೆ 30 ಕಿಲೋಮೀಟರ್ ಓಡುತ್ತದೆ. ಅದರ ಬ್ಯಾಟರಿ ಕಾರಿನದರ ಹತ್ತನೇ ಒಂದು ಭಾಗ. ಗಣಿಯ ಹೊರೆಯೂ ಹತ್ತನೇ ಒಂದು ಭಾಗ. ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ, ಹಗಲಿನಲ್ಲಿ, ಟಿ.ಸಿ.ಯನ್ನು ದಣಿಸದೆ ಚಾರ್ಜ್ ಮಾಡಬಹುದು. ಡೈರಿಗೆ ಹಾಲು ಹಾಕುವವರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಅಂಚೆಯವರು ದಿನಕ್ಕೆ ಓಡುವುದು ಇಪ್ಪತ್ತು ಮೂವತ್ತು ಕಿಲೋಮೀಟರ್. ಇವರಿಗೆ ಇದು ಇಂದೇ ಸಾಧ್ಯ. 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಘಟನೆಗಳ ಬಳಿಕ ಬ್ಯಾಟರಿ ಸುರಕ್ಷತೆಯ ನಿಯಮಗಳು ಬಿಗಿಯಾಗಿವೆ. ಆ ಮಾನದಂಡಕ್ಕೆ ಒಳಪಟ್ಟ ವಾಹನವನ್ನೇ ಕೇಳಿ ಕೊಳ್ಳಬೇಕು.

ಬಸ್ಸಿನ ಲೆಕ್ಕ ಇನ್ನೂ ಸೊಗಸು. ದೊಡ್ಡ ವಿದ್ಯುತ್ ಬಸ್ಸು ಕಿಲೋಮೀಟರಿಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಬಳಸುತ್ತದೆ. ನಲವತ್ತು ಜನ ಕುಳಿತರೆ ತಲೆಗೆ 0.03 ಯೂನಿಟ್. ಒಬ್ಬನೇ ಕುಳಿತ ಕಾರಿನಲ್ಲಿ 0.14. ಐದು ಪಟ್ಟಿನ ಅಂತರ. ಆದರೆ ನಮ್ಮ ಊರುಗಳಲ್ಲಿ ಬಸ್ಸೆಲ್ಲಿ? ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆ ಮಲೆನಾಡಿನ ಮೂಲೆಮೂಲೆಗೂ ಬಸ್ಸು ಮುಟ್ಟಿಸಿದ ಸಂಸ್ಥೆ. ನಷ್ಟದ ಹೊರೆಯಲ್ಲಿ 2020ರಲ್ಲಿ ಅದರ ಬಸ್ಸುಗಳು ನಿಂತವು. 2023ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಬಸ್ಸೇ ಬಾರದ ಊರಿನ ಮಹಿಳೆಗೆ ಆ ಉಚಿತದಿಂದ ಏನು ಪ್ರಯೋಜನ? ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಗೆ 2024ರಲ್ಲಿ 10,900 ಕೋಟಿ ರೂಪಾಯಿ ನಿಗದಿಯಾಯಿತು. ಅದರಲ್ಲಿ ಬಸ್ಸುಗಳ ಪಾಲು ಮೊದಲು ಹೋಗುವುದು ದೊಡ್ಡ ನಗರಗಳಿಗೆ. ಬೆಟ್ಟದೂರಿಗೆ ಇಪ್ಪತ್ತು ಆಸನಗಳ ಸಣ್ಣ ವಿದ್ಯುತ್ ಬಸ್ಸು ಕೊಡಿ ಎಂಬ ಬೇಡಿಕೆಯನ್ನು ಇದುವರೆಗೆ ನಾವೂ ಗಟ್ಟಿಯಾಗಿ ಎತ್ತಿಲ್ಲ.

ಇದು ಕನಸಿನ ಮಾತಲ್ಲ. ನಮಗಿಂತ ಕಡಿದಾದ ಬೆಟ್ಟಗಳ ನೇಪಾಳವನ್ನು ನೋಡಬಹುದು. ಸ್ವಂತ ತೈಲವಿಲ್ಲದ ಆ ದೇಶ 2015ರ ಗಡಿ ದಿಗ್ಬಂಧನದಲ್ಲಿ ಇಂಧನವಿಲ್ಲದೆ ನರಳಿತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಗೆ ಬರುವ ಹೊಸ ಪ್ರಯಾಣಿಕ ಕಾರುಗಳಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ವಿದ್ಯುತ್ ಚಾಲಿತ. ಬೆಟ್ಟದ ದಾರಿಗಳಲ್ಲಿ ವಿದ್ಯುತ್ ಮೈಕ್ರೋಬಸ್ಸುಗಳು ಓಡುತ್ತಿವೆ. ಕಾಠ್ಮಂಡುವಿನಲ್ಲಿ ಸಫಾ ಟೆಂಪೊ ಎಂಬ ಮೂರು ಚಕ್ರದ ವಿದ್ಯುತ್ ವಾಹನಗಳು 1990ರ ದಶಕದಿಂದಲೇ ಇವೆ. ಬೆಟ್ಟದ ಜನ ಹಿಂದುಳಿದವರೆಂಬ ಭಾವನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ನಾವು ಕೇಳಬೇಕಾದದ್ದು, ಮಾಡಬೇಕಾದದ್ದು

ಬೇಡ್ತಿ ಯೋಜನೆ ಬಂದಾಗ ಶಿರಸಿಯ ತೋಟಗಾರರು ಬರಿಯ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ, ಲಾಭ ನಷ್ಟದ ಲೆಕ್ಕವನ್ನು ಎದುರಿಗಿಟ್ಟು ಚರ್ಚಿಸಿದರು. ಆ ಯೋಜನೆ ಆಗ ನಿಂತಿತು. ಈಗಲೂ ನಮಗೆ ಬೇಕಾದದ್ದು ಅದೇ ದಾರಿ.

ಗ್ರಾಮಸಭೆಗಳಲ್ಲಿ ನಾವು ಮಂಡಿಸಬಹುದಾದ ಬೇಡಿಕೆಗಳು ಇವು. ಮೊದಲನೆಯದು, ಕಾಡಿನ ನಡುವಿನ ತಂತಿಗಳನ್ನು ಹೊದಿಕೆಯ ತಂತಿಗೆ ಬದಲಿಸಿ, ಟಿ.ಸಿ.ಗಳ ಸಾಮರ್ಥ್ಯ ಹೆಚ್ಚಿಸುವುದು. ಎರಡನೆಯದು, ಸೌರಫಲಕ ಹೊತ್ತ ಚಾರ್ಜಿಂಗ್ ಕೇಂದ್ರವನ್ನು ಪ್ರತಿ ಪ್ರಾಥಮಿಕ ಕೃಷಿ ಸಹಕಾರ ಸಂಘದ ಅಥವಾ ಹಾಲಿನ ಡೈರಿಯ ಛಾವಣಿಯಲ್ಲಿ ಸ್ಥಾಪಿಸುವುದು. ಜನ ಹೇಗೂ ಹಗಲು ಅಲ್ಲಿಗೆ ಬಂದೇ ಬರುತ್ತಾರೆ. ಮೂರನೆಯದು, ಕಾರಿನ ಸಹಾಯಧನಕ್ಕಿಂತ ಮೊದಲು ಬೆಟ್ಟದೂರಿಗೆ ಸಣ್ಣ ವಿದ್ಯುತ್ ಬಸ್ಸು. ನಾಲ್ಕನೆಯದು, ತಾಲ್ಲೂಕಿಗೊಂದು ಬ್ಯಾಟರಿ ಪರೀಕ್ಷೆ ಮತ್ತು ಸಂಗ್ರಹಣಾ ಕೇಂದ್ರ. ಐದನೆಯದು, ನಗರಗಳಲ್ಲಿ ಹಗಲು ಚಾರ್ಜಿಂಗ್. ಸೂರ್ಯನಿರುವ ಹೊತ್ತಿಗೆ ಕಡಿಮೆ ದರ, ಸಂಜೆಗೆ ಹೆಚ್ಚು ದರ ಎಂಬ ನಿಯಮವನ್ನು ಕೇಂದ್ರ ಸರ್ಕಾರವೇ 2023ರಲ್ಲಿ ರೂಪಿಸಿದೆ. ಕಚೇರಿಗಳ ವಾಹನ ನಿಲುಗಡೆಯಲ್ಲಿ ಮಧ್ಯಾಹ್ನ ಚಾರ್ಜ್ ಆಗುವ ಪ್ರತಿ ಕಾರೂ ಸಂಜೆಯ ಹೊರೆಯನ್ನು ಇಳಿಸುತ್ತದೆ. ಅಷ್ಟರಮಟ್ಟಿಗೆ ಶರಾವತಿಯ ಮೇಲಿನ ಒತ್ತಡ ಇಳಿಯುತ್ತದೆ. ಕಣಿವೆ ಉಳಿಸಿ ಎಂಬ ನಮ್ಮ ಕೂಗಿಗೆ ಇದಕ್ಕಿಂತ ಪ್ರಬಲವಾದ ಪರ್ಯಾಯ ಇನ್ನೊಂದಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ನಿಮ್ಮ ಊರಿನ ಟಿ.ಸಿ.ಯ ಮೇಲೆ ಬರೆದ ಸಾಮರ್ಥ್ಯವನ್ನು ದೂರದಿಂದಲೇ ಓದಿ ಗುರುತು ಮಾಡಿಕೊಳ್ಳಿ. ಅದಕ್ಕೆ ಸೇರಿದ ಮನೆಗಳೆಷ್ಟು, ಪಂಪ್‌ಸೆಟ್ಟುಗಳೆಷ್ಟು, ಬೈಕು ಕಾರುಗಳೆಷ್ಟು, ದಿನಕ್ಕೆ ಯಾರು ಎಷ್ಟು ದೂರ ಓಡಾಡುತ್ತಾರೆ, ಮಳೆಗಾಲದಲ್ಲಿ ಎಷ್ಟು ದಿನ ಕರೆಂಟು ಇರಲಿಲ್ಲ ಎಂದು ಪಟ್ಟಿ ಮಾಡಿ. ಸಂಜೆ ಏಳರ ವೋಲ್ಟೇಜನ್ನು ವಿಜ್ಞಾನ ಶಿಕ್ಷಕರ ಸಹಾಯದಿಂದ ಒಂದು ವಾರ ದಾಖಲಿಸಿ. ಆ ಹಾಳೆಯನ್ನು ಹಿಡಿದು ಗ್ರಾಮಸಭೆಗೆ ಹೋಗಿ. ಅಂಕಿಯಿಲ್ಲದ ಅಹವಾಲಿಗೆ ಅಧಿಕಾರಿಗಳು ತಲೆದೂಗುತ್ತಾರೆ. ಅಂಕಿಯಿರುವ ಅಹವಾಲಿಗೆ ಉತ್ತರ ಕೊಡಬೇಕಾಗುತ್ತದೆ.

ನಮ್ಮ ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಅದನ್ನು ಸುಡುತ್ತ ಹೋದರೆ ಮಳೆಯ ಲಯ ಇನ್ನಷ್ಟು ತಪ್ಪುತ್ತದೆ. ಕೊಳೆರೋಗ, ಎಲೆಚುಕ್ಕಿ ರೋಗಗಳಿಂದ ಈಗಾಗಲೇ ತತ್ತರಿಸಿದ ಅಡಿಕೆ ತೋಟಗಳಿಗೆ ಅದರ ಪೆಟ್ಟು ಬಿದ್ದೇ ಬೀಳುತ್ತದೆ. ಆದ್ದರಿಂದ ಪೆಟ್ರೋಲಿನ ಪರ ನಿಲ್ಲಲು ಮಲೆನಾಡಿಗನಿಗೆ ಯಾವ ಕಾರಣವೂ ಇಲ್ಲ. ಆದರೆ ಒಂದು ಹೊಗೆಯನ್ನು ಆರಿಸಲು ಇನ್ನೊಂದು ಕಾಡನ್ನು ಕಡಿಯುವುದಾದರೆ ಅದನ್ನು ಬದಲಾವಣೆ ಎಂದು ಕರೆಯಲಾಗದು. ಬಿಸಿಲಿರುವಾಗ ತುಂಬಿಸಿ, ಕೂಡಿ ಪಯಣಿಸಿ, ಬೇಕಾದಷ್ಟನ್ನೇ ಬಳಸುವುದಾದರೆ ವಿದ್ಯುತ್ ವಾಹನ ನಮ್ಮ ಬೆಟ್ಟಕ್ಕೆ ಒಪ್ಪುವ ಅತಿಥಿ. ಇಲ್ಲವಾದರೆ ಕಣಿವೆಯನ್ನು ಕೇಳಲು ಬಂದ ಇನ್ನೊಬ್ಬ ಸಾಲಗಾರ.